ಖಲೀಲ್ ಕೆಡಿಸದ ಸ್ಕ್ಯಾನರ್

‘ಹಳೇದಾಯ್ತು, ಬಿಸಾಕಿ’ ಎಂಬ ಮಾತು ಕಿವಿಗೆ ಬಿದ್ದರೆ ಖಲೀಲ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಡುತ್ತಿದ್ದರು. ಸಿಟ್ಟು ಬಂದಾಗ ಕೈಯಲ್ಲಿ ಚೂಪಾದದ್ದು ಇರಬಾರದೆಂದು ಅವರ ತಂದೆ ಹೇಳಿಕೊಟ್ಟಿದ್ದರಂತೆ. ಕೆಳಗಿಟ್ಟು, ಎರಡೂ ಕೈ ಮೇಜಿನ ಮೇಲೂರಿ ಶುರು ಮಾಡುತ್ತಿದ್ದರು.

“ಹಳೇದಾಗಿದ್ದನ್ನೆಲ್ಲ ಬಿಸಾಕೋದಾದ್ರೆ ಈ ಊರಲ್ಲಿ ನೀವೂ ಉಳಿಯಲ್ಲ, ನಾನೂ ಉಳಿಯಲ್ಲ ಸ್ವಾಮಿ. ಮಿಷನ್ ಸತ್ತಿಲ್ಲ. ಕಂಪ್ನಿಯೋರು ಅದ್ರ ಕೂಡೆ ಮಾತು ಬುಟ್ಟವ್ರೆ, ಅಷ್ಟೇಯ. ಮಾತು ಬುಟ್ಟೋರ ತಪ್ಪಿಗೆ ಮಿಷನ್ಗೆ ಯಾಕೆ ಶಿಕ್ಷೆ?”

ತುರುವೇಕೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಅಂಗಡಿಯೇ ಅವರದ್ದು. ರೇಡಿಯೊ ಹೋಗಿ ಟೀವಿ ಬಂತು, ಟೀವಿ ಹೋಗಿ ಕಂಪ್ಯೂಟರ್ ಬಂತು. ಬೆಂಚು ಮಾತ್ರ ಅದೇ. ಖಲೀಲ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು.

ನಾನು ಪತ್ರಬರಹಗಾರ. ಎಸ್ಸೆಸ್ಸೆಲ್ಸಿ ಮುಗಿಸಿ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಕುಳಿತವನು, ಕ್ರಯಪತ್ರ, ಪಾಲುಪತ್ರ, ದಾನಪತ್ರ ಬರೆಯುತ್ತಲೇ ಮುದುಕನಾದೆ. ಜನ ತರುವ ಹಳೆಯ ಪತ್ರಗಳು ಮುಟ್ಟಿದರೆ ಪುಡಿಯಾಗುವಂಥವು. ಅವನ್ನು ಗಾಜಿನ ಮೇಲೆ ಮೆಲ್ಲಗೆ ಮಲಗಿಸಿ ಪ್ರತಿ ತೆಗೆಯಲು ಒಂದು ಸ್ಕ್ಯಾನರ್ ಇಟ್ಟುಕೊಂಡಿದ್ದೆ. ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸಿದ ದಿನ ಅದು ಕೈಕೊಟ್ಟಿತು. ಇಂಥ ಹಳೆಯದಕ್ಕೆ ಈಗ ಸಾಫ್ಟ್‌ವೇರೇ ಬರುವುದಿಲ್ಲ, ಹೊಸದು ತಗೊಳ್ಳಿ ಎಂದರು ವಿಂಡೋಸ್ ಹಾಕಿದವರು. ಸ್ಕ್ಯಾನರು, ಕಂಪ್ಯೂಟರು ಎರಡನ್ನೂ ಖಲೀಲರ ಅಂಗಡಿಗೆ ಹೊತ್ತುಕೊಂಡು ಹೋದೆ.

ಅವರು ಮೊದಲು ವೈರು ಚುಚ್ಚಲಿಲ್ಲ. ಸ್ಕ್ಯಾನರನ್ನು ಮಗುಚಿ ಹೊಟ್ಟೆ ನೋಡಿದರು. ಅಲ್ಲಿ ಬೀಗದ ಚಿತ್ರವಿರುವ ಒಂದು ಗುಂಡಿ ಇತ್ತು.

“ಇದನ್ನ ನೋಡಿಟ್ಕಳಿ. ಒಳಗೆ ದೀಪ ಹೊತ್ಕಂಡು ಓಡಾಡೋ ಗಾಡಿ ಐತೆ. ಸ್ಕ್ಯಾನರ್ನ ಎತ್ಕಂಡು ಹೋಗುವಾಗ ಈ ಬೀಗ ಹಾಕ್ಬೇಕು, ಇಲ್ದಿದ್ರೆ ಗಾಡಿ ಅಲ್ಲಾಡಿ ಮುರೀತದೆ. ಇಟ್ಟ ಮ್ಯಾಲೆ ತೆಗೀಬೇಕು.”

ನನ್ನ ಕಂಪ್ಯೂಟರಿನಿಂದ ವಿಂಡೋಸ್ ತೆಗೆದು, ಹಳೆಯ ಮಿಷನ್ನುಗಳ ಜೊತೆ ಇನ್ನೂ ಮಾತು ಬಿಡದ ಲಿನಕ್ಸ್ ಎಂಬುದನ್ನು ಹಾಕಿದರು. ಪುಕ್ಕಟೆಯದ್ದು ಎಂದಾಗ ನನಗೆ ಒಳಗೊಳಗೇ ಅನುಮಾನ. ಪುಕ್ಕಟೆ ಸಿಕ್ಕಿದ್ದರಲ್ಲಿ ಏನು ಸತ್ವ ಇರುತ್ತದೆ? ಸ್ಕ್ಯಾನರ್ ಮೊದಲು ಕಾಣಿಸಲೇ ಇಲ್ಲ. ಕಂಪ್ಯೂಟರಿನ ಮುಂದೆ ಚುಚ್ಚಿದ್ದ ವೈರನ್ನು ಹಿಂದೆ ಚುಚ್ಚಿದರು. ಆಗ ಖಲೀಲ್ ಯಾವುದೋ ಅಧಿಕಾರದಿಂದ ಕೇಳಿದರೆ ಸ್ಕ್ಯಾನರ್ ಇದೆ ಎನ್ನುತ್ತಿತ್ತು, ನನ್ನ ಹೆಸರಿನಲ್ಲಿ ಕೇಳಿದರೆ ಇಲ್ಲ ಎನ್ನುತ್ತಿತ್ತು. ಇದೆಂಥ ಮಾಯ ಎಂದೆ.

“ನಿಮಗೆ ಗೊತ್ತಿರೋದೇಯ ಗಂಗಾಧರಯ್ಯನೋರೆ. ಜಮೀನು ಐತೆ, ಖಾತೆ ನಿಮ್ಮ ಹೆಸ್ರಲ್ಲಿಲ್ಲ. ತಡೀರಿ, ನಿಮ್ಮ ಹೆಸ್ರನ್ನೂ ಸೇರಿಸ್ತೀನಿ.”

ಸೇರಿಸಿದರು. ಈಗ ಸ್ಕ್ಯಾನರ್ ಕಾಣಿಸಿತು, ಆದರೆ ಅಲುಗಲಿಲ್ಲ. ಪ್ರತಿ ಸಲ ಎದ್ದಾಗಲೂ ಅದಕ್ಕೆ ಕೆಲಸ ಹೇಳಿಕೊಡುವ ಒಂದು ಸಣ್ಣ ಕಡತ ಬೇಕಂತೆ, ಅದು ಸ್ಕ್ಯಾನರಿನ ಜೊತೆ ಬಂದ ಸೀಡಿಯಲ್ಲಿ ಇರುತ್ತದಂತೆ. ಸೀಡಿ ಎಲ್ಲಿ ಎಂದು ಕೇಳಿದರು. ಗಿಣಿ ಓಡಿಸಲು ಸೀಬೆ ಮರಕ್ಕೆ ಕಟ್ಟಿದ್ದೇನೆ ಎಂದೆ.

ಖಲೀಲ್ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಏನ್ ಹೇಳ್ಳಿ ನಿಮಗೆ. ಮನೆ ಮೂಲಪತ್ರನ ಬೆದರುಬೊಂಬೆ ಮಾಡವ್ರಂತೆ. ನಡೀರಿ, ಬಿಚ್ಕಂಡು ಬರವಾ.”

ಬಿಚ್ಚಿ ತಂದು, ಹಕ್ಕಿಹಿಕ್ಕೆ ತೊಳೆದು, ಅಂಗಿಯ ಅಂಚಿನಿಂದ ಒರೆಸಿ ಹಾಕಿದರು. ಅರ್ಧ ಗಂಟೆ ಗುರುಗುಟ್ಟಿ ಅದು ಆ ಕಡತವನ್ನು ಕೊಟ್ಟಿತು. ಗಾಜಿನ ಕೆಳಗೆ ದೀಪ ಹೊತ್ತಿಕೊಂಡು ಗಾಡಿ ಮೆಲ್ಲಗೆ ಸಾಗಿದಾಗ ಖಲೀಲ್ ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಿತ್ತು. “ಇಂಥದ್ದನ್ನ ಬಿಸಾಕು ಅಂತಾರಲ್ಲ, ಅವ್ರಿಗೆ ನಾಚ್ಕೆ ಆಗಲ್ವಾ?”

ಎರಡು ವರ್ಷ ಆ ಸ್ಕ್ಯಾನರ್ ಒಂದು ದಿನವೂ ತಕರಾರು ಮಾಡಲಿಲ್ಲ. ಇನ್ನು ನನ್ನ ವಿಷಯ.

ಮೂರನೆಯ ವರ್ಷ ನನ್ನ ಮಳಿಗೆಗೆ ಸುಣ್ಣ ಹೊಡೆಸಿದೆ. ಸಾಮಾನು ಹೊರಗಿಡುವಾಗ ಅವರು ಹೇಳಿಕೊಟ್ಟಂತೆ ಸ್ಕ್ಯಾನರಿಗೆ ಬೀಗ ಹಾಕಿದೆ. ಒಳಗೆ ತಂದಿಟ್ಟ ಮೇಲೆ ತೆಗೆಯಲು ಮರೆತೆ. ಮಾರನೆಯ ದಿನ ಕಂದಿಕೆರೆಯಿಂದ ಒಬ್ಬ ಹೆಂಗಸು ತನ್ನ ಮಾವನ ಕಾಲದ ಪಾಲುಪತ್ರ ತಂದಿದ್ದಳು. ಗಾಜಿನ ಮೇಲಿಟ್ಟು ಒತ್ತಿದೆ. ಒಳಗಿನಿಂದ ಕರಕರ ಎಂದು ಹಲ್ಲು ಕಡಿದಂಥ ಸದ್ದು. ಆಕೆ ಹೆದರಿ ಪತ್ರವನ್ನು ಕಿತ್ತುಕೊಂಡಳು. “ಬ್ಯಾಡ ಬುಡಿ, ಹರ್ದೀತು,” ಎಂದು ಪಕ್ಕದ ಮಳಿಗೆಗೆ ಹೋದಳು. ಸಾಲಿನವರೆಲ್ಲ ನೋಡುತ್ತಿದ್ದರು.

ನನ್ನ ಮರ್ಯಾದೆ ಹೋಯಿತು ಅನ್ನಿಸಿತು. “ಖಲೀಲ ಅದೇನೋ ಪುಕ್ಕಟೆದು ತುಂಬಿ ಕೆಡಿಸಿಬಿಟ್ಟ” ಎಂದುಬಿಟ್ಟೆ.

ಪಕ್ಕದ ಮಳಿಗೆಯ ಪುಟ್ಟಸ್ವಾಮಿ ಅದನ್ನು ಹಿಡಿದುಕೊಂಡ. “ಅವನ ಕೈಗೆ ಯಾಕ್ ಕೊಟ್ರಿ? ಒಳಗಿನ ಒಳ್ಳೆ ಸಾಮಾನು ಬದಲಾಯಿಸಿರ್ತಾನೆ. ಅವ್ರದೆಲ್ಲ ಅಷ್ಟೇಯ.”

‘ಅವ್ರದೆಲ್ಲ’ ಎಂದರೆ ಯಾರದು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ, ಟೀ ಕುಡಿದೆ. ಊರಿನ ತೆಂಗು ಬೆಳೆಗಾರರ ಸಂಘದ ಕಾರ್ಯದರ್ಶಿಯೂ ಅಲ್ಲೇ ಕುಳಿತಿದ್ದರು. ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಖಲೀಲರಿಗೆ ಬಾಯಿಮಾತಿನಲ್ಲಿ ಆಗಿತ್ತು. ಆ ವಾರವೇ ಅದು ತುಮಕೂರಿನ ಒಂದು ಕಂಪನಿಯವರ ಪಾಲಾಯಿತು.

ಸುದ್ದಿ ತಿಳಿದು ಖಲೀಲ್ ನನ್ನ ಮಳಿಗೆಗೆ ಬಂದರು. “ತೋರ್ಸಿ, ಏನಾಗೈತೆ ನೋಡ್ತೀನಿ,” ಎಂದರು. ತೋರಿಸಿದ್ದರೆ ಮಗುಚಿ ನೋಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಸಾಲಿನವರ ಎದುರು ನಾನು, “ನೀನು ಮಾಡಿದ್ದು ಸಾಕು ಕಣಪ್ಪ, ಮುಟ್ಟಬೇಡ” ಎಂದೆ. ಅವರು ಬಂದ ದಾರಿಯಲ್ಲೇ ಹೊರಟುಹೋದರು.

ಐದಾರು ತಿಂಗಳ ಮೇಲೆ ಅದನ್ನು ಗುಜರಿಗೆ ಹಾಕಲು ಹೊರಟೆ. ಗುಜರಿಯವನು ತಕ್ಕಡಿಗೆ ಇಡಲು ಮಗುಚಿದ. ಬೀಗ ಹಾಕಿದಂತೆಯೇ ಇತ್ತು. ಕೊಡುವುದಿಲ್ಲ ಎಂದು ಅವನನ್ನು ಕಳಿಸಿ, ಬೀಗ ತೆಗೆದು, ವೈರು ಚುಚ್ಚಿದೆ. ಗಾಡಿ ಹಿಂದಿನಂತೆಯೇ ಸಾಗಿತು.

ಅಂದೇ ಆ ಓಣಿಗೆ ಓಡಬೇಕಿತ್ತು. ನಾನೇನು ಮಾಡಿದೆ? ಸ್ಕ್ಯಾನರನ್ನು ಬಳಸತೊಡಗಿದೆ. ಕೇಳಿದವರಿಗೆ ತುಮಕೂರಿನವರು ಸರಿಮಾಡಿಕೊಟ್ಟರು ಎಂದೆ. ಮೊದಲನೆಯದನ್ನು ದುಡುಕು ಎನ್ನಬಹುದು. ಈ ಎರಡನೆಯದಕ್ಕೆ ಇಟ್ಟುಕೊಳ್ಳಲು ನನ್ನ ಬಳಿ ಯಾವ ಒಳ್ಳೆಯ ಹೆಸರೂ ಇಲ್ಲ. ಬೇರೆಯವರ ಸುಳ್ಳು ಪತ್ರ ಬರೆಯಲು ಒಪ್ಪದವನು ಎಂದು ಹೆಸರಾಗಿದ್ದವನು ನಾನು. ಆ ಹೆಸರನ್ನು ನೆನೆದರೆ ಈಗ ಮೈ ಉರಿಯುತ್ತದೆ. ವರ್ಷದೊಳಗೆ ಖಲೀಲರ ಅಂಗಡಿ ಬಾಗಿಲು ಹಾಕಿತು. ಮುಚ್ಚಿದ ಬಾಗಿಲ ಮುಂದೆ ಹೋಗಬೇಕಾಗುತ್ತದೆಂದು ನಾನು ಬಸ್ ನಿಲ್ದಾಣಕ್ಕೆ ಸುತ್ತು ಬಳಸಿ ಹೋಗುತ್ತಿದ್ದೆ.

ಹೀಗೇ ವರ್ಷಗಳು ಕಳೆದ ಮೇಲೆ, ಖಲೀಲ್ ತಿಪಟೂರಿನಲ್ಲಿದ್ದಾರೆಂದು ತಿಳಿದು, ಹೋದ ತಿಂಗಳು ಅಲ್ಲಿಗೆ ಹೋಗಿ ಹುಡುಕಿದೆ. ಯಾರದೋ ಮೊಬೈಲ್ ಅಂಗಡಿಯ ಹಿಂಬದಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಫೋನಿನ ಒಡೆದ ಗಾಜು ಬಿಡಿಸುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು. ಕುಳಿತುಕೊಳ್ಳಿ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಸುಣ್ಣ, ಬೀಗ, ಗುಜರಿ, ತುಮಕೂರಿನ ಸುಳ್ಳು, ಒಂದನ್ನೂ ಬಿಡಲಿಲ್ಲ. ಕೈ ಮುಗಿದೆ.

“ಬೀಗನಾ?” ಎಂದರು. ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟರು. “ನಾನು ಎಷ್ಟು ದಿನ ಯೋಚ್ನೆ ಮಾಡಿದೀನಿ ಗೊತ್ತಾ, ಎಲ್ಲಿ ತಪ್ಪು ಮಾಡ್ದೆ ಅಂತ? ನಾನೇ ಏನೋ ಕೆಡಿಸಿರ್ಬೇಕು ಅಂತ ನನಗೂ ಅನ್ನಿಸ್ಬುಟ್ಟಿತ್ತು.”

“ಕ್ಷಮಿಸಪ್ಪ.”

“ಸಾಲ್ನಲ್ಲಿ ಹತ್ತು ಜನದ ಮುಂದೆ ಅಂದ್ರಿ. ಇಲ್ಲಿ ಮೂಲೇಲಿ ಬಂದು ಕೈ ಮುಗೀತೀರಿ. ಇದ್ರಿಂದ ನನಗೇನಾಯ್ತು? ಎಲ್ಲಿ ಅಂದ್ರೋ ಅಲ್ಲೇ ಹೇಳಿ, ಹೋಗಿ.” ಮತ್ತೆ ಗಾಜಿನ ಮೇಲೆ ಬಗ್ಗಿದರು. ಫೋನ್ ನಂಬರು ಕೇಳಿದಾಗ ಅದನ್ನು ಮಾತ್ರ ಕೊಟ್ಟರು.

ಮಾರನೆಯ ದಿನ ಟೀ ಬರುವ ಹೊತ್ತಿಗೆ ಸಾಲಿನ ನಡುವೆ ನಿಂತು ಹೇಳಿದೆ. ಪುಟ್ಟಸ್ವಾಮಿ ಬಿದ್ದು ಬಿದ್ದು ನಕ್ಕ. “ಅಯ್ಯೋ, ಅದ್ಯಾವ ಕಾಲದ್ದು ಬುಡಿ ಅಯ್ನೋರೆ. ವಯಸ್ಸಾಯ್ತು ನಿಮಗೆ. ಒಂದು ಸ್ಕ್ಯಾನರ್ಗೆ ಪ್ರಾಯಶ್ಚಿತ್ತವಾ?” ಉಳಿದವರೂ ನಕ್ಕರು. ನನ್ನ ಸುಳ್ಳನ್ನು ನಂಬಲು ಇವರಿಗೆ ಒಂದು ಲೋಟ ಟೀ ಮುಗಿಯುವಷ್ಟು ಹೊತ್ತೂ ಬೇಕಿರಲಿಲ್ಲ. ನಿಜ ಹೇಳಿದರೆ ವಯಸ್ಸಾಯಿತು ಎನ್ನುತ್ತಾರೆ.

ಸಂಜೆ ಖಲೀಲರಿಗೆ ಫೋನ್ ಮಾಡಿ, ಹೇಳಿದೆನಪ್ಪ ಎಂದೆ.

“ಯಾರ್ಯಾರಿದ್ರು?”

ಒಬ್ಬೊಬ್ಬರ ಹೆಸರು ಹೇಳಿದೆ.

“ಏನಂದ್ರು?”

“ನಕ್ಕರು.”

ಆ ಕಡೆ ಯಾರದೋ ಫೋನು ರಿಪೇರಿಯಾಗಿ ಹಾಡತೊಡಗಿತು. ಅದನ್ನು ನಿಲ್ಲಿಸಿ ಬಂದರು.

“ಹಂಗಾದ್ರೆ ಅವ್ರಿಗೆ ಕೇಳಿಸಿಲ್ಲ. ಇನ್ನೊಂದ್ಸಲ ಹೇಳಿ,” ಎಂದು ಫೋನ್ ಇಟ್ಟರು.

ಅದಕ್ಕೇ ಇದನ್ನು ಬರೆದೆ. ಇದು ಎರಡನೆಯ ಸಲ.