ಬಲಬಾಗಿಲಿನ ಜಾಲರಿ

ನನ್ನದು, ಅದನ್ನು ಮಾಡಿದವರೇ ಕನಿಷ್ಠವೆಂದು ತೀರ್ಮಾನಿಸಿದ ಮಾದರಿಯ ಕಾರು. ಬಾಗಿಲುಗಳಲ್ಲಿ ಸ್ಪೀಕರಿಗೆಂದು ಸಣ್ಣ ತೂತುಗಳ ಜಾಲರಿಯೇನೋ ಇದೆ, ಜಾಲರಿಯ ಹಿಂದೆ ಮಾತ್ರ ಏನೂ ಇರಲಿಲ್ಲ. ನಿಮ್ಮ ಕಾರೂ ಇದೇ ಜಾತಿಯದಾಗಿದ್ದರೆ, ಶೂನ್ಯಕ್ಕೆ ಇಷ್ಟು ಅಲಂಕಾರವೇಕೆ ಎಂದು ಸಿಗ್ನಲ್ಲಿನಲ್ಲಿ ನಿಂತಾಗ ನೀವೂ ಯೋಚಿಸಿರುತ್ತೀರಿ.

ಆ ಶೂನ್ಯವನ್ನು ತುಂಬುವ ಅವಸರ ನನಗೆ ಹುಟ್ಟಿದ್ದು ಅಣ್ಣನಿಂದ. ಭದ್ರಾವತಿಯ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಅವನ ಕಿವಿ ಮಂದವಾಗುತ್ತ ಬಂದಿತ್ತು. ಉಳಿದ ಶ್ರವಣಶಕ್ತಿಯೂ ನಿಧಾನವಾಗಿ ಹೋಗುತ್ತದೆ, ಯಂತ್ರ ಹಾಕಿದರೆ ಮಾತು ತಿಳಿದೀತು, ಹಾಡು ಹಾಡಾಗಿ ಕೇಳಿಸದು ಎಂದರು ಶಿವಮೊಗ್ಗದ ವೈದ್ಯರು. ನಮ್ಮ ಮನೆಯ ಹಾಡುಗಾರ ಅವನೇ. ಶನಿವಾರದ ಭಜನೆಯಲ್ಲಿ ಅವನಿಗೆ ಹಾರ್ಮೋನಿಯಮ್ಮಿನ ಪಕ್ಕದ ಜಾಗ; ನನಗೆ, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ, ತಾಳ. ಅಂಥವನಿಗೆ, ಕಿವಿ ಪೂರ್ತಿ ಮುಚ್ಚಿಹೋಗುವ ಮೊದಲು, ಒಂದಿಷ್ಟು ಹಾಡುಗಳನ್ನು ಚೆನ್ನಾಗಿ ಕೇಳಿಸಬೇಕೆನಿಸಿತು. ಶಿವಮೊಗ್ಗದ ಗೋಪಾಳದಲ್ಲಿರುವ ನನ್ನ ಮನೆಯಿಂದ ಭದ್ರಾವತಿಗೆ ಹೋಗಿ ಅವನನ್ನು ಆಸ್ಪತ್ರೆಗೆ ಕರೆತಂದು ಮತ್ತೆ ಬಿಟ್ಟುಬರುವ ದಾರಿಯಷ್ಟೇ ನಾವಿಬ್ಬರೂ ಒಟ್ಟಿಗಿರುತ್ತಿದ್ದ ಹೊತ್ತು.

ನನ್ನ ಪಿಂಚಣಿಗೆ ಒಳ್ಳೆಯ ಜೋಡಿ ಎಟುಕಲಿಲ್ಲ. ಯಾವುದೋ ದೊಡ್ಡ ಕಾರಿನಿಂದ ಬಿಚ್ಚಿಟ್ಟ ಒಂಟಿ ಸ್ಪೀಕರೊಂದು ಅಂಗಡಿಯಲ್ಲಿತ್ತು. ಅದನ್ನೇ ಅಣ್ಣ ಕೂರುವ ಎಡಬಾಗಿಲಿಗೆ ಹಾಕಿ ಎಂದೆ.

"ಒಂದೇ ಕಿವಿಗೆ ಓಲೆ ಹಾಕ್ದಂಗಾಗುತ್ತೆ ಸಾರ್," ಎಂದ ಅಂಗಡಿಯವನು.

"ಕೇಳೋರೂ ಒಬ್ರೇ," ಎಂದೆ, ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತ.

ಪ್ರಯೋಗ ಫಲಿಸಿತೆಂದೇ ನಂಬಿದೆ. ಅಣ್ಣ ಬಾಗಿಲಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ತಾಳ ತಪ್ಪದೆ ತಲೆಯಾಡಿಸುತ್ತಿದ್ದ. ಸ್ಪೀಕರಿನ ಅಬ್ಬರದಲ್ಲಿ ಯಾರಿಗೂ ಕೇಳದೆಂಬ ಧೈರ್ಯದಿಂದ, ಭಜನೆಯಲ್ಲಿ ನಿಷಿದ್ಧವಾಗಿದ್ದ ನನ್ನ ಕಂಠವನ್ನೂ ಧಾರಾಳವಾಗಿ ಸೇರಿಸುತ್ತಿದ್ದೆ. ಒಂದು ದಿನ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂದು, ಬ್ರೇಕು ಒತ್ತುವ ಗಾಬರಿಯಲ್ಲಿ ನಾನು ಸುಮ್ಮನಾದೆ. ಅಣ್ಣ ಕಣ್ಣು ಬಿಟ್ಟ.

"ಯಾಕೋ ನಿಲ್ಸಿದೆ?"

"ಎಲ್ಲಿ ನಿಂತಿದೆ? ಹಾಡ್ತಾನೇ ಇದೆಯಲ್ಲ."

"ಅದಲ್ಲ ಮಾರಾಯ, ನೀನು! ಮೆಷಿನ್ನಿಗೆ ಎಡಗಡೆ ಕೊಟ್ಟೇ ನಿಲ್ತಿದ್ದೆ, ಆ ಕಿವಿನ ಶೆಡ್ಡಲ್ಲೇ ಬಿಟ್ಟು ಬಂದೆ. ನಿನ್ನ ಸ್ಪೀಕರ್ ನಂಗೆ ಕೈಗೆ ಮಾತ್ರ ಸಿಗುತ್ತೆ."

ಮಾತು ಕೇಳದಂಥ ಆ ಶೆಡ್ಡಿನಲ್ಲಿ ಯಂತ್ರದ ಮೈಗೆ ಅಂಗೈಯಿಟ್ಟೇ ಅದರ ಓಟವನ್ನು ಅರಿಯುತ್ತಿದ್ದರಂತೆ. ನನ್ನ ಉಡುಗೊರೆಯನ್ನೂ ಅವನು ಹಾಗೆಯೇ ಮುಟ್ಟಿ ನೋಡುತ್ತಿದ್ದ. ಕಿವಿಯಿಂದ ಕೇಳಿದ್ದು ಬಲಕ್ಕಿದ್ದ ನನ್ನ ಅಪಸ್ವರವನ್ನು. ಇಷ್ಟು ವರ್ಷವಾದರೂ ಅವನ ಯಾವ ಕಿವಿ ಸತ್ತಿದೆಯೆಂದು ನನಗೆ ಗೊತ್ತಿರಲಿಲ್ಲವಲ್ಲ ಎಂದು ತುಂಬಾ ಸಂಕಟವಾಯಿತು.

"ಬಲಗಡೆ ಬಾಗಿಲಿಗೆ ಬದಲಾಯಿಸ್ತೀನಿ ಬಿಡಣ್ಣ," ಎಂದೆ.

"ಬೇಡ. ಆ ಹಾಡೆಲ್ಲ ನಂಗೆ ಬಾಯಿಗೆ ಬರುತ್ತೆ ಕಣೋ, ಕಿವಿ ಹೋದ್ರೂ ಒಳಗಿರುತ್ತೆ. ನಿನ್ನ ದನಿ ಇರಲ್ಲ. ಹಾಡು."

ಈಗ ಸ್ಪೀಕರನ್ನು ಅವನ ಅಂಗೈಗೆ ಎಷ್ಟು ಬೇಕೋ ಅಷ್ಟಕ್ಕಿಟ್ಟು ನಾನು ಹಾಡುತ್ತೇನೆ. ನನ್ನ ಪಕ್ಕದ ಬಲಬಾಗಿಲಿನ ಜಾಲರಿಯ ಹಿಂದೆ ಇಂದಿಗೂ ಏನೂ ಇಲ್ಲ. ಅಣ್ಣ ಮಾತ್ರ ಈ ಕಡೆಗೇ ತಿರುಗಿ ಕೂರುತ್ತಾನೆ.