ಕಲ್ಲಿಗೆ ಕಪಾಟು

ನಮ್ಮ ಮ್ಯೂಸಿಯಂನಲ್ಲಿ ಕಲ್ಲುಗಳನ್ನಿಟ್ಟ ಕೋಣೆ ಸೋರುತ್ತಿತ್ತು, ಕಪಾಟುಗಳಿಗೆ ಗೆದ್ದಲು ಹಿಡಿದಿತ್ತು. ಮೇಲಿನವರಿಗೆ ಬರೆದರೆ 'ಸ್ಥಳೀಯ ಸಹಭಾಗಿತ್ವ ಬೆಳೆಸಿಕೊಳ್ಳಿ' ಎಂದು ಉತ್ತರ ಬಂತು. ಕಲ್ಲಿಗೆ ಸಂಬಂಧಪಟ್ಟ ಸ್ಥಳೀಯರು ಎಂದರೆ ನನಗೆ ಹೊಳೆದದ್ದು ಜಲ್ಲಿ ಕ್ರಷರ್ ಮಾಲೀಕರೊಬ್ಬರೇ. ಜಗಳೂರು ಕಡೆಯ ಒಂದು ಕಲ್ಲನ್ನು ಚೀಟಿ ಸಮೇತ ಚೀಲಕ್ಕೆ ಹಾಕಿಕೊಂಡು ಅವರಲ್ಲಿಗೆ ಹೋದೆ.

ಮಾಲೀಕರು ಚಹಾ ತರಿಸಿ, ಕಲ್ಲನ್ನು ತಿರುಗಿಸಿ ನೋಡಿದರು.

"ಎಷ್ಟು ವರ್ಷದ್ದು ಸರ್ ಇದು?"

"ಇನ್ನೂರು ಕೋಟಿ ವರ್ಷಕ್ಕೂ ಹಳೇದು."

"ಅಷ್ಟು ವರ್ಷ ಬಿಸಿಲು ಮಳೆ ತಡ್ಕೊಂಡೈತೆ. ಈಗ ಇದಕ್ಕೆ ಕಪಾಟು ಯಾಕ್ರೀ ಬೇಕು?"

"ಕಲ್ಲಿಗೆ ಏನೂ ಆಗಲ್ಲ. ಚೀಟಿ ನೆನೆದು ಹೋದ್ರೆ ಇದು ಯಾವ ಊರಿಂದು ಅಂತ ಹೇಳಾಕೆ ಯಾರಿಗೂ ಆಗಲ್ಲ."

ಅವರು ಕನ್ನಡಕ ಹಾಕಿಕೊಂಡು ಚೀಟಿ ಓದಿದರು. "ಇದು ನಮ್ಮ ಗುಡ್ಡದ್ದೇ ಐತಲ್ರೀ!" ಎನ್ನುತ್ತ ಕಿಟಕಿಯಾಚೆ ನೋಡಿದರು. ಅಲ್ಲಿ ಗುಡ್ಡ ಇರಲಿಲ್ಲ. ಹಸಿರು ನೀರು ನಿಂತ ದೊಡ್ಡ ಹೊಂಡವಿತ್ತು. "ಸಣ್ಣೋನಿದ್ದಾಗ ಅದರ ಮೇಲೆ ಕುರಿ ಮೇಯಿಸ್ತಿದ್ದೆ" ಎಂದು ಕಲ್ಲನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡರು. ವಾಪಸ್ ಕೊಡುವುದಿಲ್ಲವೇನೋ ಎಂದು ನನಗೆ ಭಯವಾಯಿತು.

ಕೊಟ್ಟರು. ಮುಂದಿನ ವಾರ ಕಬ್ಬಿಣದ ಕಪಾಟುಗಳೂ ಚಾವಣಿಗೆ ಶೀಟುಗಳೂ ಲಾರಿಯಲ್ಲಿ ಬಂದವು. ಜೊತೆಗೊಂದು ಫಲಕ. ಅದರಲ್ಲಿ ಅವರ ಹೆಸರು, ಕೆಳಗೆ 'ಗುಡ್ಡ ಸಂರಕ್ಷಕರು' ಎಂದು ಚಿನ್ನದ ಬಣ್ಣದ ಅಕ್ಷರ.

ಹಾಕಬೇಕೋ ಬೇಡವೋ ಎಂದು ದಿನವಿಡೀ ಯೋಚಿಸಿ, ಕೊನೆಗೆ ಹಾಕಿದೆ. ಆ ಗುಡ್ಡದ ಮುಷ್ಟಿಯಷ್ಟು ಭಾಗ ಈಗ ಅವರು ಕೊಟ್ಟ ಕಪಾಟಿನಲ್ಲಿ ಭದ್ರವಾಗಿದೆ. ಮಿಕ್ಕಿದ್ದು ಜಲ್ಲಿಯಾಗಿ ರಸ್ತೆ ಸೇರಿದೆ. ಅದರ ಮೇಲೇ ನಾನು ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ.