ನಿಂತಲ್ಲಿ ನಿಲ್ಲದ ಗಾರ್ಡ್ ಕಾಕಾ

ಪ್ರಾರ್ಥನೆಗೆ ಕೂತಾಗ ಕಾಕಾನ ಬಲ ಮೊಣಕಾಲು ಕುಣಿಯುತ್ತಿತ್ತು. ಸಣ್ಣಗೆ ಅಲ್ಲ, ಅವರು ಕೂತ ಕಬ್ಬಿಣದ ಮಡಿಚುವ ಕುರ್ಚಿ ಕಿರುಗುಟ್ಟುವಷ್ಟು, ಪಕ್ಕದ ಸ್ಟೂಲಿನ ಮೇಲಿದ್ದ ಲೋಟದ ನೀರು ತುಳುಕುವಷ್ಟು. ಎರಡು ನಿಮಿಷ ಹಾಗೆ ಕುಣಿಸಿ ಎದ್ದೇಬಿಡುತ್ತಿದ್ದರು. ಬಾಗಿಲಿನಿಂದ ಅಡುಗೆಮನೆಯವರೆಗೆ, ಅಡುಗೆಮನೆಯಿಂದ ಬಾಗಿಲಿನವರೆಗೆ, ಅರ್ಧ ಕಣ್ಣು ಮುಚ್ಚಿಕೊಂಡೇ ನಡೆದಾಟ. ಚಾಪೆಯ ಮೇಲೆ ಕೂತ ನಾವು ಕಾಲು ಮಡಚಿ ದಾರಿ ಬಿಡಬೇಕು.

"ಕಾಕಾ, ಶಾಂತಿ ಕೊಡು ಅಂತ ದೇವರನ್ನ ಕೇಳೂದೂ ನೀವs, ನಮ್ಮ ಕಾಲು ತುಳಿಯೂದೂ ನೀವs," ಎಂದು ಒಮ್ಮೆ ನನ್ನ ಹೆಂಡತಿ ಕೆಣಕಿದ್ದಳು.

"ಏನ್ ಮಾಡ್ಲಿ ಮಗಳ, ನಂಬಿಗಿ ಎದಿಯೊಳಗ ಐತಿ. ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಕಾಕಾ ಗದಗ-ಬೆಟಗೇರಿಯವರು. ರೈಲ್ವೆ ಕೆಲಸಕ್ಕೆಂದು ನಾಗಪುರಕ್ಕೆ ಬಂದು, ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಆಗಿ ಒಬ್ಬರೇ ಹಸಿರು ಕೆಂಪು ಬಾವುಟ ಹಿಡಿದು ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಪ್ರತಾಪ ನಗರದಲ್ಲಿ ಎರಡು ಕೋಣೆಯ ಮನೆ ಮಾಡಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ತೀರಿಕೊಂಡಿದ್ದರು. ನಾವು ಹೋಗುತ್ತಿದ್ದ ಚರ್ಚುಗಳಲ್ಲೆಲ್ಲ ಆರಾಧನೆ ಮರಾಠಿಯಲ್ಲಿ, ಇಲ್ಲವೇ ಹಿಂದಿಯಲ್ಲಿ. ಕನ್ನಡದಲ್ಲಿ ಅಳಬೇಕೆನ್ನಿಸಿದರೆ ಕಾಕಾನ ಮನೆ. ಪ್ರತಿ ಭಾನುವಾರ ಸಂಜೆ ಹತ್ತು ಹನ್ನೆರಡು ಕುಟುಂಬದವರು ಅಲ್ಲಿ ಸೇರುತ್ತಿದ್ದೆವು.

ಹೊಸ ವರ್ಷದ ದಿನ ಅವರ ಮನೆಯಲ್ಲಿ ವಾಗ್ದಾನದ ಚೀಟಿ ಎತ್ತುವ ಪದ್ಧತಿ. ಡಿಸೆಂಬರ್ ಪೂರ್ತಿ ಕೂತು, ಅಂದರೆ ಕೂತು ಎದ್ದು ಕೂತು, ಕಾಕಾ ಒಂದೊಂದು ಚೀಟಿಯಲ್ಲಿ ಒಂದೊಂದು ದೇವರ ವಾಕ್ಯ ಬರೆಯುತ್ತಿದ್ದರು. ಕನ್ನಡ ಓದಲು ಬಾರದ ಮಕ್ಕಳಿಗಾಗಿ ಅದೇ ಕನ್ನಡವನ್ನು ಕೆಳಗೆ ಮರಾಠಿ ಅಕ್ಷರದಲ್ಲಿ ಮತ್ತೊಮ್ಮೆ. ಎಲ್ಲವನ್ನೂ ಮಡಚಿ ಸ್ಟೀಲ್ ಡಬ್ಬಿಗೆ ತುಂಬಿ ಕುಲುಕುತ್ತಿದ್ದರು. ಯಾರ ಕೈಗೆ ಯಾವುದು ಬಂತೋ ಅದು ಆ ವರ್ಷಕ್ಕೆ ಅವರಿಗೆ ದೇವರು ಕೊಟ್ಟ ಮಾತು. ಬೇರೆ ಕಡೆಯ ಡಬ್ಬಿಗಳಲ್ಲಿ ಬರೀ ಆಶೀರ್ವಾದವೇ ಇರುತ್ತದೆ. ಕಾಕಾನ ಡಬ್ಬಿಯಲ್ಲಿ ಕತ್ತಲಲ್ಲಿ ನಡೆಯುವವನ ಮಾತೂ ಇರುತ್ತಿತ್ತು, ದೇವರೇ ನೀನೆಲ್ಲಿ ಎಂದು ಕೂಗುವವನ ಮಾತೂ ಇರುತ್ತಿತ್ತು. "ಅವನ್ನ ತಗದುಬಿಡ್ರಿ ಕಾಕಾ, ವರ್ಷದ ಮೊದಲನೇ ದಿನಾನ..." ಎಂದು ಹೆಂಗಸರು ಗೊಣಗಿದರೂ ತೆಗೆಯುತ್ತಿರಲಿಲ್ಲ.

ಆ ವರ್ಷ ನನ್ನ ಹೆಂಡತಿ ಐದು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತೂ ಇಳಿದುಹೋಗಿತ್ತು. ಬುಟಿಬೋರಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದರು. ಬೆಳಿಗ್ಗೆ ಗೇಟಿನಲ್ಲಿ ಕಾರ್ಡು ತೋರಿಸಿದಾಗ ಹಸಿರು ದೀಪ ಹೊತ್ತಿದರೆ ಕೆಲಸ ಇದೆ, ಹೊತ್ತದಿದ್ದರೆ ಮನೆಗೆ. ಹೀಗೆ ಎರಡೂ ಕಡೆ ಜೀವ ಹಿಡಿದುಕೊಂಡಿದ್ದವನು ಡಬ್ಬಿಗೆ ಕೈ ಹಾಕಿದೆ. ಓದುವ ಸರದಿ ಬರುವ ಮೊದಲೇ ಬಿಚ್ಚಿ ನೋಡಿದೆ. ಕತ್ತಲಿನ ಚೀಟಿ. ಮಕ್ಕಳು ಡಬ್ಬಿಯ ಸುತ್ತ ಮುತ್ತಿಕೊಂಡಿದ್ದರು. ಅವರ ನಡುವೆ ಕೈ ತೂರಿಸಿ ಅದನ್ನು ಹಾಕಿ ಇನ್ನೊಂದು ಎತ್ತಿದೆ. ಅದರಲ್ಲಿ ಮನೆತುಂಬ ಮಕ್ಕಳ ಮಾತಿತ್ತು. ಜೋರಾಗಿ ಓದಿದೆ. ಎಲ್ಲರೂ ಆಮೆನ್ ಅಂದರು. ಹೆಂಡತಿಯ ಕಣ್ಣು ತುಂಬಿತು. ನಾನು ಅವಳ ಕಡೆ ನೋಡದೆ ಚೀಟಿ ಮಡಚಿ ಜೇಬಿಗೆ ಹಾಕಿದೆ.

ಮಾರ್ಚ್ ತಿಂಗಳಲ್ಲಿ, ಏಳು ತಿಂಗಳು ತುಂಬಿದ್ದಷ್ಟೇ, ಕೂಸು ಬೆಳೆಯುತ್ತಿಲ್ಲ ಎಂದು ಹೊಟ್ಟೆ ಕೊಯ್ದು ತೆಗೆದರು. ಒಂದು ಕಿಲೋ ಚಿಲ್ಲರೆ ತೂಕದ ಹೆಣ್ಣುಕೂಸು, ಗಾಜಿನ ಪೆಟ್ಟಿಗೆಯಲ್ಲಿ. ಡಾಕ್ಟರು ಹೆಚ್ಚು ಮಾತಾಡುವವರಲ್ಲ. "ಆಜ್ ಕಾ ಆಜ್ ಬತಾಯೆಂಗೆ," ಅನ್ನುತ್ತಿದ್ದರು. ಇವತ್ತಿನದು ಇವತ್ತು. ನಾಳೆಯ ಮಾತೇ ಇಲ್ಲ.

ಕಾಕಾ ದಿನಾ ಮಧ್ಯಾಹ್ನ ಬಸ್ಸು ಹಿಡಿದು ಬರುತ್ತಿದ್ದರು. ಬಂದವರು ಕೂರಬೇಕಲ್ಲ? ವರಾಂಡದ ಆ ತುದಿಯಿಂದ ಈ ತುದಿಗೆ ಶುರು. "ಕಾಕಾ, ಬಸಾ ನಾ ಜರಾ," ಎಂದು ನರ್ಸ್ ಬೈಯುತ್ತಿದ್ದಳು. "ಬಸ್ತೋ ಬಸ್ತೋ," ಕೂತೆ ಕೂತೆ ಅನ್ನುತ್ತಲೇ ಇವರು ಇನ್ನೊಂದು ಸುತ್ತು. ಅವರ ಪ್ರಾರ್ಥನೆ ಒಂದೇ ಸಾಲಿನದು: "ಪ್ರಭು, ನಾವು ಇಲ್ಲೇ ಅದೀವಿ."

ಮೂರನೆಯ ದಿನ ಕೂಸು ಉಸಿರು ಮರೆಯತೊಡಗಿತು. ಒಳಗೆ ಓಡಾಟ. ನಮ್ಮನ್ನು ಹೊರಗೆ ಕಳಿಸಿದರು. ನಾನು ತಡೆಯಲಾರದೆ ಕಾಕಾನ ಕೈ ಹಿಡಿದು ಹೇಳಿಬಿಟ್ಟೆ.

"ಕಾಕಾ, ನಾ ಚೀಟಿ ಬದಲಿ ಮಾಡಿದ್ದೆರಿ. ನನಗ ಬಂದಿದ್ದು ಕತ್ತಲಿಂದು. ಆ ಮಕ್ಕಳ ವಾಗ್ದಾನ ನಂದಲ್ಲ. ಅದಕ್ಕ ಹಿಂಗಾತು."

ಅವರು ಅಪರೂಪಕ್ಕೆ ನಿಂತರು.

"ಹುಚ್ಚಪ್ಪ, ಡಬ್ಬಿ ತುಂಬಿದಾಂವ ನಾನು. ನನ್ನ ಬಾಲ್‌ಪೆನ್ನಿಗೆ ಹೆದರಿ ದೇವರು ಕೂಸಿನ ಉಸಿರು ತಗೋತಾನೇನು?" ಕೈ ಬಿಡಿಸಿಕೊಂಡು ಗೋಡೆಗೆ ಒರಗಿದರು. "ನಾ ಮಾಡಿದ್ದು ಕೇಳು. ನಿಮ್ಮ ಕಾಕುಗ ಜಡ್ಡು ಹೆಚ್ಚಾದ ವರ್ಷ ಆಕಿಗಂತನs ಬ್ಯಾರೆ ಡಬ್ಬಿ ಮಾಡಿದ್ನಿ. ಎಲ್ಲಾ ಚೀಟಿಯೊಳಗೂ ಒಂದs ಮಾತು, ದೀರ್ಘಾಯುಷ್ಯದ್ದು. ಆಕಿ ಹಾಸಗಿ ಹತ್ರ ಒಯ್ದು ಹಿಡದೆ. ಒಂದು ಎತ್ತಿದ್ಲು, ಓದಿದ್ಲು. ಇನ್ನೊಂದು ಎತ್ಲೇನು ಅಂದ್ಲು. ನಾ ಬ್ಯಾಡ ಬ್ಯಾಡ ಅನ್ನೂದ್ರೊಳಗ ಎತ್ತೇಬಿಟ್ಲು. ಅದೂ ಅದs. ಸಣ್ಣಗ ನಕ್ಕು ಏನಂದ್ಲು ಗೊತ್ತೇನು? 'ಗಾರ್ಡ್ ಸಾಹೇಬ್ರ, ಗಾಡಿ ನೀವs ಓಡಸಾಕ ಹತ್ತೀರೇನು?'"

"ಆಮ್ಯಾಲ?"

"ಮಳಿಗಾಲಕ್ಕ ಮೊದಲ ಹೋದ್ಲು."

ಅಷ್ಟು ಹೇಳಿ ಕಾಕಾ ಮುಚ್ಚಿದ ಬಾಗಿಲಿನ ಕಡೆ ನೋಡಿದರು.

"ಮುಂದಿನ ಡಿಸೆಂಬರಿಗೆ ಬರೀಲಿಕ್ಕೆ ಕುಂತೆ. ಸಿಟ್ಟಿತ್ತು. ಛಲೋ ಮಾತಷ್ಟs ಬರೀಲಿಕ್ಕೆ ಕೈ ಬರಲಿಲ್ಲ. ಸಿಟ್ಟಿನವರ ಮಾತು, ಅಳೂವರ ಮಾತು, ಅವೂ ಅವನ ಮುಂದ ಆಡಿದ ಮಾತs ಅಲ್ಲೇನು? ಅವನ್ನೂ ಬರದೆ. ಆ ಕತ್ತಲಿನ ಚೀಟಿ ಯಾರಿಗೆ ಬಂದ್ರೂ ಅದು ಶಿಕ್ಷಾ ಅಲ್ಲ ತಮ್ಮಾ. ನೀ ಒಬ್ಬನs ಅಲ್ಲ ಅಂತ ಹೇಳೂದು, ಅಷ್ಟ."

ಕೂಸು ಉಳಿಯುತ್ತದೆ ಎಂದು ಅವರು ಹೇಳಲಿಲ್ಲ. ನಾನು ಕೇಳಬೇಕೆಂದಿದ್ದದ್ದು ಅದೊಂದೇ. ಮತ್ತೆ ನಡೆಯಲು ಶುರು ಮಾಡಿದರು, ಈ ಸಲ ನಾನೂ ಅವರ ಜೊತೆ. ಸಂಜೆಯ ಹೊತ್ತಿಗೆ ನರ್ಸ್ ಬಾಗಿಲು ತೆಗೆದು, ಉಸಿರು ಮತ್ತೆ ಹಳಿಗೆ ಬಂದಿದೆ ಅಂದಳು. ಇವತ್ತಿನದು ಇವತ್ತು. ಹೀಗೆ ಐದು ವಾರ, ಆಮೇಲೆ ಕೂಸು ಮನೆಗೆ.

ಕಾಕಾ ಹೋಗಿ ಈಗ ಎರಡು ವರ್ಷ. ಮೊದಲ ಪಾಳಿಯಲ್ಲಿದ್ದ ನನಗೆ ಸುದ್ದಿ ಮುಟ್ಟಿ, ಹೆದ್ದಾರಿಯ ಬಸ್ಸು ಸಿಕ್ಕು ನಾನು ಬರುವಷ್ಟರಲ್ಲಿ ಶವಪೆಟ್ಟಿಗೆ ಮುಚ್ಚಿದ್ದರು. ಮುಖ ನೋಡಲಾಗಲಿಲ್ಲ. ಆ ಸಂಕಟ ಈಗಲೂ ಒಮ್ಮೊಮ್ಮೆ ಎಬ್ಬಿಸಿ ಕೂರಿಸುತ್ತದೆ. ಆದರೆ ಅವರ ಋಣ ಎಂದರೆ ನನಗೆ ನೆನಪಾಗುವುದು ಮಗಳನ್ನು ಮೊದಲ ಸಲ ಪ್ರಾರ್ಥನೆಗೆ ಕರೆದುಕೊಂಡು ಹೋದ ಭಾನುವಾರ.

ನಮ್ಮಲ್ಲಿ ಇಂಥ ಹೊತ್ತಿಗೆ ಎದ್ದು ಸಾಕ್ಷಿ ಹೇಳಬೇಕು, ದೇವರು ಮಾಡಿದ್ದನ್ನು ನಾಲ್ಕು ಜನರ ಮುಂದೆ ಆಡಬೇಕು. ನಾನು ತಯಾರಾಗಿಯೇ ಹೋಗಿದ್ದೆ. ಮೆಟ್ಟಿಲ ಹತ್ತಿರ ಕಾಕಾ ತೋಳು ಹಿಡಿದರು.

"ಸಾಕ್ಷಿ ಹೇಳ್ತೀಯೇನು?"

"ಹೇಳಬೇಕಲ್ರಿ. ನಮ್ಮ ಪ್ರಾರ್ಥನಾ ಕೇಳ್ಯಾನ."

"ಹೇಳು, ಬಿಡಬ್ಯಾಡ. ಆದ್ರ ಖಿಡಕಿ ಹತ್ರ ಅಜನಿ ಕ್ವಾರ್ಟರ್ಸಿನ ಅಕ್ಕ ಕುಂತಾಳ. ಹೋದ ವರ್ಷ ಆಕಿ ಕೂಸಿಗೂ ನಾವು ಇಷ್ಟs ಪ್ರಾರ್ಥನಾ ಮಾಡಿದ್ವಿ. ಆಕಿ ನಡುವs ಎದ್ದು ಹೋಗದಂಗ ಹೇಳು."

ಎದ್ದು ನಿಂತೆ. ಅಕ್ಕ ಕಿಟಕಿಯ ಸರಳು ನೋಡುತ್ತಿದ್ದಳು. ನಾನು ಕಟ್ಟಿಕೊಂಡು ಬಂದಿದ್ದ ಮಾತು ಒಂದೊಂದೇ ನಾಲಿಗೆಗೆ ಬಂದು ಹಿಂದಕ್ಕೆ ಹೋಯಿತು. ನಮ್ಮ ವಿಶ್ವಾಸ ಕೂಸನ್ನು ಉಳಿಸಿತು ಎಂದರೆ ಅವಳ ವಿಶ್ವಾಸಕ್ಕೆ ಏನಾಗಿತ್ತು? ಕಡೆಗೆ ಉಳಿದದ್ದು ಇಷ್ಟೇ:

"ಐದು ವಾರ ನಾ ಭಾಳ ಹೆದರಿದ್ದೆ. ದೇವರು ನಮ್ಮನ್ನ ಒಬ್ಬರನ್ನs ಬಿಟ್ಟು ಹೋಗಲಿಲ್ಲ. ಈ ಕೂಸು ಯಾಕ ಉಳೀತು, ನನಗ ಗೊತ್ತಿಲ್ಲ."

ಕೂತೆ. ಆಮೆನ್ ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕ ಎದ್ದಳು. ಹೊರಟೇಬಿಟ್ಟಳು ಎಂದುಕೊಂಡೆ. ಅವಳು ನೆಟ್ಟಗೆ ನನ್ನ ಹೆಂಡತಿಯ ಮುಂದೆ ಬಂದು ಕೂತು ಎರಡೂ ಕೈ ಚಾಚಿದಳು.

"ಕೊಡ ಇಲ್ಲೆ. ಹಂಗ ಹಿಡದ್ರ ಅದರ ಕುತ್ತಿಗಿ ನೋಯ್ತದ."

ಕೊನೆಯ ಹಾಡು ಮುಗಿಯುವವರೆಗೂ ಮಗಳು ಅವಳ ತೊಡೆಯ ಮೇಲೆಯೇ ಇದ್ದಳು.